ಐದು ಮೊಳದ ಕುಲಾವಿ

ಮಾಂಬಳ್ಳಿಯ ಚಿಕ್ಕಸಿದ್ದಯ್ಯ ಹನೂರಿನಲ್ಲಿದ್ದ ಬಸುರಿ ಮಗಳಿಗೆಂದು ಒಂದು ಕರಿಕಂಬಳಿ ಒಯ್ಯುತ್ತಿದ್ದ. ಗಡಿಯ ಚೌಕಿಯಲ್ಲಿ ಪೊಲೀಸರು ಅದನ್ನು ಬಿಚ್ಚಿಸಿ, ಕೊಡವಿ, ಒಳಗೆ ಸಾರಾಯಿ ಇದೆಯೇ ಎಂದು ನೋಡಿದರು. ಏನೂ ಸಿಕ್ಕದ್ದರಿಂದ ಕಂಬಳಿಯನ್ನೇ ಇಟ್ಟುಕೊಂಡರು.

ಚಿಕ್ಕಸಿದ್ದಯ್ಯ "ಆಯ್ತು ಸಾ" ಎಂದು ಬಸ್ಸು ಹತ್ತಿದ.

ಅವನು ಹುಟ್ಟಿದ್ದೇ ಈ ಮಾತು ಹೇಳುವುದಕ್ಕೆ ಎಂದು ನಮ್ಮೂರಿನಲ್ಲಿ ಬಹಳ ಜನ ನಂಬಿದ್ದರು. ಹೊತ್ತು ಮುಳುಗಿದ ಮೇಲೂ ಗದ್ದೆಗೆ ನೀರು ಕಟ್ಟು ಎಂದು ಒಡೆಯರು ಹೇಳಿದರೆ "ಆಯ್ತು ಬುದ್ದಿ." ನಮ್ಮ ಎಮ್ಮೆಯನ್ನೂ ಹೊಡೆದುಕೊಂಡು ಹೋಗು ಎಂದು ನೆರೆಯವರು ಹೇಳಿದರೆ "ಆಯ್ತು ಬುಡಿ." ಒಮ್ಮೆ ಒಂದೇ ಮುಹೂರ್ತಕ್ಕೆ ಇಬ್ಬರು ಬೇರೆ ಬೇರೆ ಊರಿನ ಮದುವೆಗೆ ಕರೆದಾಗ ಇಬ್ಬರಿಗೂ ಆಯ್ತು ಅಂದು, ಯಾರಿಗೂ ಮೋಸವಾಗಬಾರದೆಂದು ಎರಡೂ ಊರಿನ ನಡುವಿನ ಬದುವಿನ ಮೇಲೆ ಉಪವಾಸ ಕುಳಿತು ಸಂಜೆಗೆ ಮನೆಗೆ ಬಂದಿದ್ದ.

ಆಗಿನ್ನೂ ಕೊಳ್ಳೇಗಾಲ, ಹನೂರು ಎಲ್ಲ ಮದರಾಸಿಗೆ ಸೇರಿದ್ದವು. ಯಳಂದೂರು, ಅಗರ, ಮಾಂಬಳ್ಳಿ ಮೈಸೂರಿಗೆ. ನಡುವೆ ರಸ್ತೆಗೆ ಅಡ್ಡವಾಗಿ ಕಟ್ಟಿದ ಒಂದು ಬಿದಿರು ಗಳು. ಗಳುವಿನ ಈಚೆ ಮೈಸೂರು ಸರ್ಕಾರ ಸಾರಾಯಿ ಅಂಗಡಿಗಳನ್ನು ಹರಾಜು ಹಾಕಿ ಬಂದ ಹಣದಿಂದ ರಸ್ತೆ ಮಾಡಿಸುತ್ತಿತ್ತು. ಗಳುವಿನ ಆಚೆ ಮದರಾಸು ಸರ್ಕಾರ ಪಾನನಿರೋಧವೆಂದು ಹೇಳಿ, ಅದೇ ರಸ್ತೆಯಲ್ಲಿ ಬರುವ ಅದೇ ಸಾರಾಯಿಯನ್ನು ಹಿಡಿಯಲು ಪೊಲೀಸರನ್ನು ಕೂರಿಸಿತ್ತು. ಕಳ್ಳಸಾಗಣೆಯವರು ಸೈಕಲ್ ಟ್ಯೂಬಿಗೆ ಸಾರಾಯಿ ತುಂಬಿ ಸೊಂಟಕ್ಕೆ ಸುತ್ತಿಕೊಂಡು, ಮೇಲೆ ಅಂಗಿ ತೊಟ್ಟು, ದಪ್ಪ ಹೊಟ್ಟೆಯ ಸಾಹುಕಾರರಂತೆ ನಡೆದುಬರುತ್ತಿದ್ದರು. ಪೊಲೀಸರು ಅವರಿಗೆ ನಮಸ್ಕಾರ ಮಾಡಿ ಬಿಡುತ್ತಿದ್ದರು. ಹಿಡಿಯುತ್ತಿದ್ದುದು ಹೊಟ್ಟೆಯಿಲ್ಲದವರನ್ನು.

ಹೀಗೆ ಬರಿಗೈಯಲ್ಲಿ ಹನೂರಿನ ಬೀಗರ ಮನೆಯ ಮುಂದೆ ನಿಂತವನನ್ನು ಬೀಗತ್ತಿ ರಾಮಮ್ಮ ಸೊಂಟದ ಮೇಲೆ ಕೈಯಿಟ್ಟು ಬರಮಾಡಿಕೊಂಡಳು.

"ಬನ್ನಿ ಬೀಗರೆ, ಬನ್ನಿ. ಅಷ್ಟು ದೂರದಿಂದ ಎಲ್ಡು ಕೈಯೂ ಬೀಸ್ಕಂಡು ಬಂದಿದ್ದೀರಿ, ತೋಳು ನೋಯ್ತಿರಬೇಕು."

"ಕಂಬಳಿ ತಂದಿದ್ದೆ ಕಣವ್ವ, ಚೌಕೀಲಿ..."

"ಕಾಣ್ತಾ ಅದ ಬುಡಿ. ಬಲೇ ನಯವಾದ ಕಂಬಳಿ. ಕಣ್ಗೇ ಸಿಕ್ಕಾಕಿಲ್ಲ!"

ಬಾಗಿಲ ಹಿಂದೆ ನಿಂತಿದ್ದ ಮಗಳು ಚಿಕ್ಕನಿಂಗಮ್ಮ ತಲೆ ತಗ್ಗಿಸಿದಳು. ಬೈಸಿಕೊಳ್ಳುವುದು ಚಿಕ್ಕಸಿದ್ದಯ್ಯನಿಗೆ ಅಭ್ಯಾಸವಾಗಿತ್ತು. ಮಗಳು ತಲೆ ತಗ್ಗಿಸುವುದು ಅಭ್ಯಾಸವಾಗಿರಲಿಲ್ಲ. ಬಾಯಿಗೆ ಬಂದದ್ದನ್ನು ತಡೆಯುವುದರೊಳಗೆ ಅದು ಹೊರಗೆ ಬಿದ್ದಿತ್ತು.

"ಕಂಬಳಿ ಏನವ್ವ, ಯಾರು ಬೇಕಾರೂ ಸಂತೇಲಿ ತತ್ತಾರೆ. ತೊಟ್ಲಿಗಾಕೋ ದಿವ್ಸ ನಮ್ಮನೆ ಕುಲಾವಿ ಬತ್ತದ ನೋಡ್ತಿರಿ! ಉಲ್ಲನ್ದು! ಸಂತೇದಲ್ಲ, ನಾನೇ ನನ್ನ ಕೈಯಾರ ಎಣೀತಾವ್ನಿ!"

ಅವರ ಕಡೆಯಲ್ಲಿ ತೌರಿನ ಕುಲಾವಿ ತಲೆಗೇರದೆ ಕೂಸನ್ನು ತೊಟ್ಟಿಲಿಗೆ ಹಾಕುವುದಿಲ್ಲ. ಕುಲಾವಿ ಬರಲಿಲ್ಲವೆಂದರೆ ಕೂಸು ನೆಲದ ಮೇಲೆ, ಮಗಳ ಮಾನ ಅದಕ್ಕಿಂತ ಕೆಳಗೆ. ರಾಮಮ್ಮ ಬೀದಿಗೆಲ್ಲ ಕೇಳುವಂತೆ ಕೂಗಿದಳು. "ಕೇಳ್ದ್ರೇನ್ರವ್ವಾ! ನಮ್ಮ ಬೀಗರು ಉಲ್ಲನ್ ಎಣೀತಾರಂತೆ!"

ಅದುವರೆಗೆ ಚಿಕ್ಕಸಿದ್ದಯ್ಯ ತನ್ನ ಕೈಯಾರ ಹೆಣೆದಿದ್ದುದು ಕುಕ್ಕೆ ಮಾತ್ರ. ಅದರಲ್ಲಿಯೂ ಕೋಳಿಗಳು ಆಚೆ ಬರುತ್ತಿದ್ದವು.

ಯಳಂದೂರಿನಲ್ಲಿ ಆಗ ಒಂದು ಹೆಣಿಗೆ ಸಂಘವಿತ್ತು. ಅಕ್ಕಿ ಗಿರಣಿಯ ಯಜಮಾನರ ಹೆಂಡತಿ ಚನ್ನಮಲ್ಲಮ್ಮನವರು ಅದರ ಅಧ್ಯಕ್ಷೆ. ಅವರ ಮನೆಯ ಜಗಲಿಯಲ್ಲಿ ಊರಿನ ದೊಡ್ಡ ಮನೆಯ ಹೆಣ್ಣುಮಕ್ಕಳು ಸೇರುತ್ತಿದ್ದರು. ಹೇಳಿಕೊಡಲು ಕೊಳ್ಳೇಗಾಲದಿಂದ ಶಿವರತ್ನಮ್ಮ ಎಂಬ ಟೀಚರು ಬಸ್ಸಿನಲ್ಲಿ ಬರುತ್ತಿದ್ದರು. ಚಿಕ್ಕಸಿದ್ದಯ್ಯ ಅಲ್ಲಿಗೆ ಹೋಗಿ, ಬೇಲಿಯ ಆಚೆ ನಿಂತು, ತಾನು ನಿಂತಿಲ್ಲವೆಂಬಂತೆ ಆಕಾಶ ನೋಡತೊಡಗಿದ. ಎರಡು ದಿನ ಹೀಗೆ ನಿಂತ ಮೇಲೆ ಶಿವರತ್ನಮ್ಮ ಕನ್ನಡಕ ಸರಿಮಾಡಿಕೊಂಡು ಕೂಗಿದರು.

"ಏನ್ರೀ, ಬೇಲಿ ಹತ್ತಿರ ಇರೋರೆ! ಮೋಡ ಎಣಿಸ್ತಿದ್ದೀರೋ, ಹೆಣಿಗೆ ನೋಡ್ತಿದ್ದೀರೋ?"

"ಎಣಿಗೆ ಅವ್ವಾ."

"ಹಾಗಾದ್ರೆ ಅಲ್ಲಿಂದ ಏನು ಕಾಣುತ್ತೆ? ಮೆಟ್ಟಲ ಮೇಲೆ ಕೂತ್ಕೊಳ್ಳಿ."

ಹೆಂಗಸರೆಲ್ಲ ಸೆರಗು ಎಳೆದುಕೊಂಡರು. ಒಂದು ವಾರದಲ್ಲಿ ಅದೇ ಹೆಂಗಸರು, "ಸಿದ್ದಯ್ಯ, ಈ ಉಂಡೆ ಸ್ವಲ್ಪ ಹಿಡ್ಕೊ" ಎನ್ನತೊಡಗಿದ್ದರು. ಅವನೂ ಆಯ್ತು ಅವ್ವಾ, ಆಯ್ತು ಅವ್ವಾ ಎಂದು ಒಂದೊಂದು ಕಂಕುಳಲ್ಲಿ ಎರಡೆರಡು ಉಂಡೆ ಇಟ್ಟುಕೊಂಡು ಕಲಿಯುತ್ತಿದ್ದ. ಸಂಘದವರ ಕಡ್ಡಿಗಳು ಮೈಸೂರಿನವು. ಇವನದು ನಮ್ಮೂರಿನ ಸೈಕಲ್ ಶಾಪಿನ ಮಹದೇವು ಕೊಟ್ಟ, ಮುರಿದ ಚಕ್ರದಿಂದ ಕಿತ್ತು ಕಲ್ಲಿಗೆ ಉಜ್ಜಿ ಚೂಪು ಮಾಡಿದ ಸೈಕಲ್ ಕಡ್ಡಿಗಳು. ನೂಲು ಕುರಿಯ ಮರಿಗಳ ಮೊದಲ ಕತ್ತರಿಯ ಉಣ್ಣೆ. ಕೂಸಿನ ತಲೆಗೆ ಚುಚ್ಚಬಾರದೆಂದು ಹೆಂಡತಿ ದೊಡ್ಡಬಸಮ್ಮ ಬೇಡಿ ತಂದು ನೂತದ್ದು.

ಕಲಿಕೆ ಸುಲಭವಾಗಿ ಸಾಗಲಿಲ್ಲ. ಚೌಕವಾಗಿ ಹೆಣೆಯಲು ಹೇಳಿದರೆ ಮೂರು ಮೂಲೆಯದು ಬಂತು. ಸರಿಮಾಡಿ ಎಂದರೆ ಐದು ಮೂಲೆಯದು ಬಂತು. "ನಾಲ್ಕನ್ನ ಬಿಟ್ಟು ಎಲ್ಲಾ ಬರುತ್ತೆ ನಿಮಗೆ" ಎಂದು ಶಿವರತ್ನಮ್ಮ ನಿಟ್ಟುಸಿರು ಬಿಟ್ಟು, ಮಾರನೆಯ ದಿನ ಅವನ ಸೈಕಲ್ ಕಡ್ಡಿಗಳಲ್ಲೇ ನಾಲ್ಕನ್ನು ಅವನ ಕೈಗಿಟ್ಟರು. ಮೂರು ಕಡ್ಡಿಯ ಮೇಲೆ ಕುಣಿಕೆಗಳನ್ನು ಹಂಚಿ, ನಾಲ್ಕನೆಯದರಿಂದ ಹೆಣೆಯುತ್ತ ಸುತ್ತು ಬರಬೇಕು. ಕುಲಾವಿ ಹೀಗೇ ಹುಟ್ಟುವುದು.

ಚಿಕ್ಕಸಿದ್ದಯ್ಯ ಒಂದು ಸುತ್ತು ಬಂದ. ಇನ್ನೊಂದು ಸುತ್ತು ಬಂದ. ಮೂರನೆಯ ಸುತ್ತಿನಲ್ಲಿ ಅವನ ಕಣ್ಣೆದುರೇ ಆ ಚಿಂದಿ ಇದ್ದಕ್ಕಿದ್ದಂತೆ ದುಂಡಗಾಗಿ, ಒಂದು ಪುಟ್ಟ ತಲೆ ತೂರುವಂಥ ಬಾಯಿಯಾಗಿ ತೆರೆದುಕೊಂಡಿತು.

"ಅವ್ವಾ! ಅವ್ವಾ! ಮೂಲೇನೇ ಇಲ್ಲ! ಒಲಿಗೆ ಇಲ್ಲ! ಎಲ್ಲಿ ಸುರುವಾಯ್ತು ಅಂತ ನಂಗೇ ಗೊತ್ತಾಗ್ನಿಲ್ಲ! ನೋಡ್ರವ್ವಾ, ಸುತ್ತಾ ಬತ್ತಾ ಅದ!" ಎಂದು ಅವನು ಮೆಟ್ಟಿಲ ಮೇಲೆ ಎದ್ದುನಿಂತು ಕುಣಿದ. ಕಂಕುಳಿನ ಉಂಡೆಗಳು ಬಿದ್ದು ಜಗಲಿಯ ತುಂಬ ಉರುಳಿದವು. ಕೊಟ್ಟಿಗೆಯ ಎಮ್ಮೆ ಹಗ್ಗ ಕಿತ್ತಿತು. ತರಗತಿಯ ಕಡೆ ಎಂದೂ ತಲೆಹಾಕದ ಚನ್ನಮಲ್ಲಮ್ಮನವರು ಒಳಮನೆಯಿಂದ ಹೊರಬಂದರು.

"ಯಾರ್ರೀ ಟೀಚರೆ ಇವನು?"

"ನನ್ನ ವಿದ್ಯಾರ್ಥಿ."

"ಗಂಡಸು!"

"ಹೌದು. ನಾನೂ ಗಮನಿಸಿದೆ."

"ನಮ್ಮ ಗದ್ದೇಲಿ ನೇಗಿಲು ಹಿಡಿಯೋನು ಕಣ್ರೀ ಇವ್ನು! ಇವತ್ತು ಇವ್ನು ನಮ್ಮ ಜಗಲಿ ಮೆಟ್ಲ ಮೇಲೆ ಕೂತು ಉಲ್ಲನ್ ಹೆಣದ್ರೆ, ನಾಳೆ ನಾನು ಹೋಗಿ ಇವನ ನೇಗಿಲು ಹಿಡೀಬೇಕೇನ್ರಿ?"

ಬಹಳ ಒಳ್ಳೆಯ ಪ್ರಶ್ನೆ. ಇಷ್ಟು ವರ್ಷವಾದರೂ ನಮ್ಮ ಕಡೆ ಯಾರೂ ಅದಕ್ಕೆ ಉತ್ತರ ಕೊಟ್ಟಿಲ್ಲ.

"ಏಳಯ್ಯ ಮೇಲಕ್ಕೆ" ಎಂದರು ಚನ್ನಮಲ್ಲಮ್ಮನವರು. ಆಗಲೇ ಎದ್ದು ನಿಂತಿದ್ದ ಚಿಕ್ಕಸಿದ್ದಯ್ಯ, ಆಜ್ಞೆ ಪಾಲಿಸಲೆಂದು ಒಮ್ಮೆ ಕುಳಿತು ಮತ್ತೆ ಎದ್ದ. "ಆಯ್ತು ಅವ್ವಾ." ಅವನು ಕಲಿತದ್ದನ್ನು ಮರೆಯುವವರೆಗೂ ತರಗತಿ ನಡೆಯಕೂಡದೆಂದು ಅಧ್ಯಕ್ಷೆಯ ತೀರ್ಮಾನವಾಯಿತು.

ಆದರೆ ಆ ತೀರ್ಮಾನ ಟೀಚರಿಗೂ ಅವನಿಗೂ ತಿಳಿದದ್ದು ಮಾರನೆಯ ದಿನ. ಆ ಸಂಜೆ ಶಿವರತ್ನಮ್ಮ ಬಸ್ಸಿನ ಕಿಟಕಿಯಿಂದ ತಲೆ ಹಾಕಿ ಹೇಳಿದ್ದು ಇಷ್ಟು: "ಸಿದ್ದಯ್ಯನೋರೆ, ಕಡ್ಡಿ ಮಾತ್ರ ಈಚೆ ಎಳೀಬೇಡಿ! ಎಳದ್ರೆ ಎಲ್ಲಾ ಬಿಚ್ಚಿಹೋಗುತ್ತೆ. ಮೇಲುಗಡೆ ಮುಚ್ಚೋದು ನಾಳೆ ಹೇಳ್ಕೊಡ್ತೀನಿ. ಅಲ್ಲೀವರೆಗೂ ಸುಮ್ನೆ ಸುತ್ತು ಹೆಣೀತಾ ಇರಿ."

"ಆಯ್ತು ಅವ್ವಾ" ಎಂದ ಚಿಕ್ಕಸಿದ್ದಯ್ಯ.

ಆ ನಾಳೆ ಬರಲಿಲ್ಲ. ಟೀಚರಿಲ್ಲ, ತರಗತಿಯಿಲ್ಲ. ಅವನಿಗೆ ಹೇಳಿದ್ದು ಸುತ್ತು ಹೆಣೆಯುತ್ತಿರಲು. ಅವನು ಹೆಣೆಯುತ್ತಿದ್ದ.

ಕುಲಾವಿ ಒಂದು ಗೇಣಾಯಿತು. ಒಂದು ಮೊಳವಾಯಿತು. ಗದ್ದೆಯ ಬದುವಿನ ಮೇಲೆ, ದನದ ಹಿಂದೆ, ಬಾವಿಯ ಕಟ್ಟೆಯ ಮೇಲೆ, ಎಲ್ಲೆಂದರಲ್ಲಿ ಚಿಕ್ಕಸಿದ್ದಯ್ಯ ಕಡ್ಡಿ ಟಿಕ್ಕು ಟಿಕ್ಕು ಅನ್ನಿಸುತ್ತ ನಡೆಯುತ್ತಿದ್ದ. ಹಿಂದೆ ಆ ಕರಿಯ ಬಾಲ ಬೆಳೆಯುತ್ತಿತ್ತು. ಊರಿಗೆ ಊರೇ ಅವನ ಮನೆಯ ಮುಂದೆ ನೆರೆಯತೊಡಗಿತು. ಸಂಜೆ ದನ ಕಟ್ಟಿ ಬಂದವರು ಮೊದಲು ಕೇಳುವ ಮಾತೇ, "ಇವತ್ತು ಎಷ್ಟಾಯ್ತು?"

"ಮಗೀಗೋ ಇದು, ಆನೇಗೋ?" ಎಂದು ಕೇಳಿದಳು ದೊಡ್ಡಬಸಮ್ಮ.

"ಮಗೀಗೇ ಕಣಮ್ಮಿ."

"ಮಗಿನ ತಲೆ ಇರೋದು ಈ ತುದೀಲಿ. ಮಿಕ್ಕಿದ್ದೆಲ್ಲಾ ಯಾರ್ದು?"

"ನಿಲ್ಲಿಸಾದು ಏಳ್ಕೊಟ್ಟಿಲ್ಲ ಕಣೆ! ಕಡ್ಡಿ ಎಳದ್ರೆ ಎಲ್ಲಾ ಓಯ್ತದ."

"ಸುರು ಮಾಡಾಕ್ ಮುಂಚೆ ನಿಲ್ಲಿಸಾದು ಕಲೀಬೇಕು. ಮಾತಾಡಾಕೂ ಅಷ್ಟೇಯ. ಅನೂರ್ಗೋಗಿ ಬೊಗಳ್ಕಂಡು ಬಂದಲ್ಲ, ಅನುಬವ್ಸು."

ಒಬ್ಬರು ಅದನ್ನು ಹಾಲು ಸೋಸುವ ಚೀಲ ಎಂದರು. ಇನ್ನೊಬ್ಬರು ಹೆಬ್ಬಾವು ಹಿಡಿಯುವ ಬಲೆ ಎಂದರು. ಸೈಕಲ್ ಶಾಪಿನ ಮಹದೇವು ಮಾತ್ರ ಅದನ್ನು ಎತ್ತಿ, ಬಾಯಿ ಅಗಲಿಸಿ, ಒಳಗೆ ಕಣ್ಣಿಟ್ಟು ನೋಡಿ, ವೃತ್ತಿಪರ ಗಾಂಭೀರ್ಯದಿಂದ ನುಡಿದ.

"ಟ್ಯೂಬು ಅಳತೆಗೆ ಕೂತ್ಕತದ ಕಣ್ರಲಾ ಇದ್ರೊಳಕ್ಕ. ಸಾರಾಯಿ ತುಂಬುದ್ರೆ ಗುಳುಗುಳು ಅಂತ ಸದ್ದೂ ಬರಾಕಿಲ್ಲ, ವಾಸ್ನೇನೂ ಬರಾಕಿಲ್ಲ. ಮ್ಯಾಲಿಂದ ಮುಟ್ಟುದ್ರೆ ಬೆಚ್ಗ, ಒಳ್ಳೇ ಸೊಂಟದಂಗೇ!"

ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ನಗೆ ಅಲ್ಲಿಗೆ ಮುಗಿಯಿತು, ಮಾತು ಮುಗಿಯಲಿಲ್ಲ. ಕಂಬಳಿಗೆ ಅಡ್ಡಬಂದ ಬಿದಿರು ಗಳು ಮಾತಿಗೆ ಅಡ್ಡಬರಲಿಲ್ಲ. ಅದು ಬೆಳಗಿನ ಬಸ್ಸಿನಲ್ಲಿ ಕುಳಿತು ಕೊಳ್ಳೇಗಾಲಕ್ಕೆ ಹೋಗಿ, ಟೀ ಅಂಗಡಿಗಳಲ್ಲಿ ಇಳಿದು, ದಾರಿಯಲ್ಲಿ ಚೌಕಿಯವರಿಗೂ ನಮಸ್ಕಾರ ಹೇಳಿತು. ಮಾಂಬಳ್ಳಿಯಲ್ಲಿ ಒಬ್ಬ ಮಹಾ ಕಿಲಾಡಿ ಹುಟ್ಟಿದ್ದಾನೆ, ಸಾರಾಯಿ ಟ್ಯೂಬಿಗೆ ಉಣ್ಣೆಯ ಅಂಗಿ ತೊಡಿಸುತ್ತಾನೆ!

ಇದರ ಮೊದಲ ಫಲವಾಗಿ ಒಂದು ಸಂಜೆ ಜರಿಯಂಚಿನ ಪಂಚೆ ಉಟ್ಟ ಚಿಕ್ಕಮಾದಯ್ಯ ಎಂಬಾತ ಚಿಕ್ಕಸಿದ್ದಯ್ಯನ ಗುಡಿಸಲಿಗೆ ಬಂದ. ಗಡಿಯೇ ಅವನ ಕಸುಬು, ಆದ್ದರಿಂದ ಊರಿನಲ್ಲಿ ಅವನಿಗೆ ಬಹಳ ಮರ್ಯಾದೆ. ಮೂಲೆಯಲ್ಲಿದ್ದ ಕುಲಾವಿಯನ್ನು ಅವನು ತುದಿಯಿಂದ ತುದಿಗೆ ಸವರಿದ.

"ಎಷ್ಟುದ್ದ ಬೇಕಾರೂ ಎಣೀತೀರಾ?"

"ನಿಲ್ಲಿಸಾದೇ ಗೊತ್ತಿಲ್ಲ ಕಣಪ್ಪ ನಂಗೆ" ಎಂದ ಚಿಕ್ಕಸಿದ್ದಯ್ಯ, ಅಳುವ ಧ್ವನಿಯಲ್ಲಿ.

"ಸಾಬಾಸ್! ಅಂಗಿರಬೇಕು ಕೆಲ್ಸಗಾರ ಅಂದ್ರೆ! ನಮ್ಗೂ ಒಂದು ಡಜನ್ ಮಾಡ್ಕೊಡಿ."

ಇವರ ಮನೆಯಲ್ಲಿ ಇಷ್ಟೊಂದು ಕೂಸುಗಳೇ ಎಂದು ಚಿಕ್ಕಸಿದ್ದಯ್ಯ ಬೆರಗಾಗಿ, "ಆಯ್ತು" ಎಂದ.

ಅಷ್ಟರಲ್ಲಿ ಹನೂರಿನಿಂದ ಬಂದವರ ಬಾಯಲ್ಲಿ ಸುದ್ದಿ ಬಂತು. ಹೆಣ್ಣುಕೂಸು. ತಾಯಿ ಮಗು ಕ್ಷೇಮ. ಸೋಮವಾರ ತೊಟ್ಟಿಲಿಗೆ ಹಾಕುವುದು. ಬೀಗತ್ತಿ ರಾಮಮ್ಮ ಕುಲಾವಿ ನೋಡಲೆಂದು ಬೀದಿಯವರನ್ನೆಲ್ಲ ಕರೆದಿದ್ದಾಳೆ.

"ಎಣ್ಮಗ!" ಎಂದು ಚಿಕ್ಕಸಿದ್ದಯ್ಯ ಎಲ್ಲರನ್ನೂ ಹಿಡಿದು ಅಲ್ಲಾಡಿಸಿದ. ಆಮೇಲೆ ಕೈಯಲ್ಲಿದ್ದುದನ್ನು ನೋಡಿಕೊಂಡ. ಐದು ಮೊಳ. ಆಗ ಅವನಿಗೆ ಹೊಳೆದದ್ದು ಒಂದೇ ದಾರಿ. ಸೋಮವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಕೊಳ್ಳೇಗಾಲಕ್ಕೆ ಹೋಗುವುದು, ಶಿವರತ್ನಮ್ಮನವರ ಮನೆ ಹುಡುಕುವುದು, ಮುಚ್ಚುವುದನ್ನು ಕಲಿಯುವುದು, ಅಲ್ಲಿಂದ ಹನೂರಿನ ಬಸ್ಸು ಹತ್ತುವುದು. ಬಸ್ಸಿನಲ್ಲಿ ಜನರ ಕಾಲಿಗೆ ಸಿಕ್ಕಬಾರದೆಂದು ಕುಲಾವಿಯ ಬಾಲವನ್ನು ಸೊಂಟಕ್ಕೆ ಮೂರು ಸುತ್ತು ಸುತ್ತಿ, ಮೇಲೆ ಅಂಗಿ ತೊಟ್ಟ. ಕಡ್ಡಿಗಳಿದ್ದ ತುದಿಯನ್ನು ಅಂಗಿಯ ಮುಂದಿನಿಂದ ಹೊರಗೆ ಬಿಟ್ಟುಕೊಂಡು, ಹೇಳಿದ ಮಾತಿನಂತೆ ಸುತ್ತು ಹೆಣೆಯುತ್ತ ಹೆಂಡತಿಯ ಜೊತೆ ಬಸ್ಸಿನಲ್ಲಿ ಕುಳಿತ.

ಚೌಕಿಯಲ್ಲಿ ಅಂದು ಹಬ್ಬದ ಕಳೆ. ಗಳುವಿಗೆ ಹೊಸ ಸುಣ್ಣ ಬಳಿದಿತ್ತು. ಉಣ್ಣೆಯ ಕಿಲಾಡಿಯನ್ನು ಖುದ್ದು ಹಿಡಿಯಲೆಂದು ತಮಿಳು ಇನ್‌ಸ್ಪೆಕ್ಟರು ಜೀಪಿನಲ್ಲಿ ಬಂದಿದ್ದರು. ಹೆಡ್ ಕಾನ್‌ಸ್ಟೇಬಲ್ ಶಿವನಂಜಯ್ಯ ಮೀಸೆಗೆ ಎಣ್ಣೆ ಹಚ್ಚಿಕೊಂಡು ನಿಂತಿದ್ದ. ಬಸ್ಸು ನಿಂತದ್ದೇ ಅವನು ಒಳಗೆ ನುಗ್ಗಿದ. ಸೈಕಲ್ ಕಡ್ಡಿ. ಸೊಂಟದ ಸುತ್ತ ಉಬ್ಬು. ಉಬ್ಬಿನಿಂದ ಹೊರಟ ಕರಿಯ ಕೊಳವೆ.

"ಸಿಕ್ಬಿಟ್ಟ ಸಾರ್! ಇವ್ನೇ ಸಾರ್! ಕಡ್ಡೀನೂ ಸೈಕಲ್ದೇ!"

"ಎನ್ನಯ್ಯಾ ಅದು, ಹೊಟ್ಟೇಲಿ?" ಎಂದು ಇನ್‌ಸ್ಪೆಕ್ಟರು ಗುಡುಗಿದರು.

"ಮೊಮ್ಮಗಳ ಕುಲಾವಿ ಸಾ."

ಬಸ್ಸಿಗೆ ಬಸ್ಸೇ ಕೆಳಗಿಳಿದು ಸುತ್ತುಗಟ್ಟಿತು. ತಡವಾಯಿತು ಎಂದು ದಾರಿಯುದ್ದಕ್ಕೂ ಬೈಯುತ್ತಿದ್ದ ಡ್ರೈವರೇ ಎಲ್ಲರಿಗಿಂತ ಮುಂದೆ. ಚೌಕಿಯ ಮಂಚದ ಮೇಲೆ ಚಿಕ್ಕಸಿದ್ದಯ್ಯನನ್ನು ಕೂರಿಸಿ ಸೊಂಟದ ಸುತ್ತನ್ನು ಬಿಚ್ಚಿದರು. ಬಿಚ್ಚಿದಷ್ಟೂ ಬಂತು. ಪ್ರತಿ ಮೊಳಕ್ಕೂ ಜನ ಹೋ ಎಂದರು.

"ಇಷ್ಟುದ್ದ ತಲೆ ಇರೋ ಮಗು ಯಾವುದ್ಲಾ?" ಎಂದು ಹೆಡ್ಡು ಶಿವನಂಜಯ್ಯ ಗರ್ಜಿಸಿ, ಟ್ಯೂಬು ಹುಡುಕಲು ಕುಲಾವಿಯ ಬಾಯಿಂದ ಕೈ ತೂರಿಸಿದ. ಮೊಣಕೈವರೆಗೆ ಹೋಯಿತು, ಏನೂ ಸಿಗಲಿಲ್ಲ. ತೋಳಿನವರೆಗೆ ಹೋಯಿತು, ಆಗಲೂ ಸಿಗಲಿಲ್ಲ. ಈಚೆ ಎಳೆಯಲು ನೋಡಿದರೆ ಕೈ ಬರಲಿಲ್ಲ. ಬೆರಳಿನ ಉಂಗುರದ ಹರಳು ಒಳಗೆಲ್ಲೋ ಒಂದು ಕುಣಿಕೆಗೆ ಸಿಕ್ಕಿಕೊಂಡಿತ್ತು.

"ಎಳೀಬೇಡಿ ಸಾ!" ಎಂದು ಚಿಕ್ಕಸಿದ್ದಯ್ಯ ಕಡ್ಡಿಗಳನ್ನು ಎದೆಗೆ ಅವುಚಿಕೊಂಡು ಕಿರುಚಿದ. "ಎಳದ್ರೆ ಎಲ್ಲಾ ಓಯ್ತದ!"

"ಅಂದ್ರೆ ಒಳಗೆ ಏನೋ ಐತೆ!" ಎಂದು ಜನ.

"ಐತೆ, ಐತೆ. ಸರ್ಕಾರದ ಕೈ ಐತೆ" ಎಂದಳು ದೊಡ್ಡಬಸಮ್ಮ.

ಅಲ್ಲಿಗೆ ಕಾನೂನು ತಬ್ಬಿಬ್ಬಾಯಿತು. ಕತ್ತರಿಸೋಣವೆಂದರೆ ಅದು ಸಾಕ್ಷ್ಯ. ಎಳೆಯೋಣವೆಂದರೆ ಒಳಗೆ ಹೆಡ್ಡು. ಇಂಥ ವಸ್ತುವನ್ನು ಬಲ್ಲವರು ಈ ಸೀಮೆಯಲ್ಲಿ ಯಾರಿದ್ದಾರೆ ಎಂದು ಇನ್‌ಸ್ಪೆಕ್ಟರು ಕೇಳಿದಾಗ ಚಿಕ್ಕಸಿದ್ದಯ್ಯನೇ ಹೇಳಿದ: ಕೊಳ್ಳೇಗಾಲದ ಶಿವರತ್ನಮ್ಮ ಟೀಚರು. ಜೀಪು ಧೂಳೆಬ್ಬಿಸಿ ಓಡಿತು. ಕುಲಾವಿಯ ಆ ತುದಿಗೆ ಹೆಡ್ಡು, ಈ ತುದಿಗೆ ಚಿಕ್ಕಸಿದ್ದಯ್ಯ, ಹಸೆಯ ಮೇಲೆ ಕುಳಿತ ವಧೂವರರಂತೆ ಒಂದೇ ಮಂಚದ ಮೇಲೆ ಕಾದರು. ಟೀ ಮಾರುವವನೊಬ್ಬ ಆಗಲೇ ಒಲೆ ಹೂಡಿದ್ದ.

ಶಿವರತ್ನಮ್ಮ ಜೀಪಿನಿಂದ ಇಳಿದು, ಎಲ್ಲವನ್ನೂ ಒಮ್ಮೆ ನೋಡಿ, ಬೇರೆ ಯಾರನ್ನೂ ಮಾತಾಡಿಸದೆ ಹೇಳಿದರು. "ಸಿದ್ದಯ್ಯನೋರೆ! ನಾನು ಹೆಣೀತಾ ಇರಿ ಅಂದಿದ್ದು ಮಾರನೇ ದಿನದವರೆಗೆ!"

"ಮಾರ್ನೆ ದಿನ ನೀವು ಬರ್ನಿಲ್ಲ ಅವ್ವಾ."

ಅವರ ಮುಖ ಒಂದು ಗಳಿಗೆ ಸಪ್ಪಗಾಯಿತು. ಮತ್ತೆ ಸೆರಗು ಬಿಗಿದು ನಿಂತರು. "ಕಡ್ಡಿ ಕಡೆಯಿಂದ ಒಂದೊಂದೇ ಸುತ್ತು ಬಿಚ್ಚಬೇಕು, ಬಾಯಿಂದ ಒಂದು ಗೇಣು ಉಳಿಯೋ ತನಕ. ಒಳಗೆ ಸಾರಾಯಿ ಇದ್ರೆ ಸಾರಾಯಿ ಸಿಗುತ್ತೆ, ಹೆಡ್ಡು ಇದ್ರೆ ಹೆಡ್ಡು ಸಿಗುತ್ತೆ. ಆಯ್ತಾ?"

ಇಷ್ಟು ದಿನದ ಕೆಲಸ. ಚಿಕ್ಕಸಿದ್ದಯ್ಯ ಎದೆಗವುಚಿದ್ದ ಕಡ್ಡಿಗಳನ್ನು ಮುಂದೆ ಹಿಡಿದು, "ಆಯ್ತು ಅವ್ವಾ" ಎಂದ.

"ನೂಲು ಸಿಕ್ಕಾಗಬಾರ್ದು. ಇನ್‌ಸ್ಪೆಕ್ಟರೆ, ಕೈ ಚಾಚಿ. ಹಾಗಲ್ಲ, ಎರಡೂ. ಅಲ್ಲಾಡಬೇಡಿ!"

ಕೋವಿಯ ಪಟ್ಟಿ ತೊಟ್ಟ ಇನ್‌ಸ್ಪೆಕ್ಟರು ಯಾಕೆ ಎಂದು ಕೇಳುವುದರೊಳಗೆ ಅವರ ಎರಡು ಕೈಗಳಿಗೂ ಕರಿಯ ನೂಲು ಸುತ್ತತೊಡಗಿತ್ತು. ಮದರಾಸು ಸರ್ಕಾರದ ಕೈಗಳನ್ನು ನಮ್ಮ ಕಡೆಯವರು ಕಟ್ಟಿಹಾಕಿದ್ದು ಅದೇ ಮೊದಲು. ಅವರು ಮೂಗು ತುರಿಸಬೇಕಾದಾಗ ಕಾನ್‌ಸ್ಟೇಬಲ್ಲನನ್ನು ಕರೆಯಬೇಕಾಯಿತು. ಸುತ್ತು ಸುತ್ತಾಗಿ ಕುಲಾವಿ ಕರಗಿತು. ಜನ ಮುಂದಕ್ಕೆ ಒತ್ತರಿಸಿದರು. ಮೊದಲು ಹೆಡ್ಡಿನ ಬೆರಳು ಕಂಡಿತು, ಉಂಗುರ ಬಿಟ್ಟಿತು, ಕೈ ಹೊರಬಂತು. ಸಾರಾಯಿ ಮಾತ್ರ ಬರಲೇ ಇಲ್ಲ. ಒಂದು ಗೇಣು ಉಳಿದಾಗ ಶಿವರತ್ನಮ್ಮ ನಿಲ್ಲಿಸಿದರು. ಸೈಕಲ್ ಕಡ್ಡಿಗಳು ಮತ್ತೆ ಕುಣಿಕೆಗಳನ್ನು ಹೊತ್ತವು.

"ಈಗ ನೋಡಿ. ಎರಡು ಕುಣಿಕೆ ಸೇರಿಸಿ ಒಂದು. ಒಂದು ಸುತ್ತು ಹಾಗೆ ಬನ್ನಿ, ಮುಂದಿನ ಸುತ್ತು ಸಾದಾ. ಮತ್ತೆ ಎರಡಕ್ಕೊಂದು. ನೀವೇ ಮಾಡಿ, ನಾನು ಮುಟ್ಟಲ್ಲ."

ಚಿಕ್ಕಸಿದ್ದಯ್ಯ ಕಡ್ಡಿ ಹಿಡಿದ. ಎರಡು ಸೇರಿ ಒಂದಾಯಿತು. ಇನ್ನೆರಡು ಸೇರಿ ಒಂದಾಯಿತು. ಕಡ್ಡಿಯ ಕಡೆಯ ತೆರಪು ಕಿರಿದಾಗುತ್ತ, ಕಿರಿದಾಗುತ್ತ, ಸಂಜೆಯ ಹೂವಿನಂತೆ ಮುದುಡಿಕೊಂಡಿತು. "ಮುಚ್ತಾ ಅದ! ಬಸಮ್ಮಿ, ಮುಚ್ತಾ ಅದ ಕಣೆ!" ನೂಲು ಕಡಿದು, ಅದರ ತುದಿಯನ್ನು ಉಳಿದ ಕುಣಿಕೆಗಳೊಳಗೆ ತೂರಿಸಿ, ಕಡ್ಡಿ ತೆಗೆದು ಎಳೆಯಿರಿ ಎಂದರು ಟೀಚರು. ಇಷ್ಟು ದಿನ ಕಡ್ಡಿ ತೆಗೆಯಲು ಹೆದರಿದವನು ಕಣ್ಣು ಮುಚ್ಚಿ ತೆಗೆದ, ಎಳೆದ. ಬಿಚ್ಚಲಿಲ್ಲ! ಅವನ ಅಂಗೈ ಮೇಲೆ, ನೆತ್ತಿಯಲ್ಲೊಂದು ಪುಟ್ಟ ಗಂಟಿದ್ದ ದುಂಡನೆಯ ಕುಲಾವಿ ಕುಳಿತಿತ್ತು.

ಜನ ಕೂಗಿದ ಕೂಗಿಗೆ ಅಗರದ ಕಾಗೆಗಳೆಲ್ಲ ಎದ್ದವು. ಡ್ರೈವರು ಓಡಿಹೋಗಿ ಹಾರನ್ ಒತ್ತಿದ. ಇನ್‌ಸ್ಪೆಕ್ಟರು ಕೂಡ ಚಪ್ಪಾಳೆ ತಟ್ಟಲು ಹೋಗಿ ನೂಲಿನಲ್ಲಿ ಸಿಕ್ಕಿಕೊಂಡರು. ಈ ಗಲಾಟೆಯಲ್ಲಿ ಹೆಡ್ಡು ತೋಳು ಉಜ್ಜುತ್ತ ಮಂಚದಿಂದ ಎದ್ದ. ಅವನು ಕುಳಿತಿದ್ದ ಜಾಗ ದೊಡ್ಡಬಸಮ್ಮನ ಕಣ್ಣಿಗೆ ಬಿತ್ತು.

"ಅಯ್ಯೋ! ನಮ್ಮ ಕಂಬಳಿ!"

ಡ್ರೈವರು ಹಾರನ್ ಬಿಟ್ಟು ಮಂಚದ ಬಳಿಗೆ ಓಡಿಬಂದ.

"ಸರ್ಕಾರಿ ಕಂಬಳಿ ಅದು" ಎಂದ ಹೆಡ್ಡು.

"ಸರ್ಕಾರ ಕಂಬಳಿ ಮೂಲೆಗೆ ಕೆಂಪು ದಾರ ಕಟ್ತದಾ? ದೃಷ್ಟಿ ಆಗದಿರಲಿ ಅಂತ ನಾ ಕಟ್ಟಿದ್ದು ಕಣಯ್ಯ! ನೋಡ್ರಪ್ಪಾ, ಆ ಮೂಲೆ ಎತ್ತಿ ನೋಡ್ರಿ!"

ಡ್ರೈವರು ಎತ್ತಿದ. ಕೆಂಪು ದಾರ. ಎಲ್ಲರೂ ಇನ್‌ಸ್ಪೆಕ್ಟರ ಕಡೆ ತಿರುಗಿದರು. ಅವರು ಕೈಯಿಂದ ನೂಲು ಬಿಡಿಸಿಕೊಂಡು, ದೊಡ್ಡ ಉಂಡೆಯನ್ನು ಚಿಕ್ಕಸಿದ್ದಯ್ಯನ ಮಡಿಲಿಗೆ ಹಾಕಿ, ಗಂಟಲು ಸರಿಮಾಡಿಕೊಂಡರು.

"ಸರಿ, ಸರಿ. ಕೇಸು ಇಲ್ಲೈ, ಏನೂ ಇಲ್ಲ. ಕುಲಾವಿ ತಗೋ, ಪೋ. ಕಂಬಳಿ ಮಾತು ಬಿಟ್ಟುಬಿಡು. ಚೌಕೀಲಿ ಇಟ್ಟದ್ದು ಚೌಕೀದು. ಬಸ್ಸು ನಿಂತಿದೆ, ಎದ್ದು ಹೋಗು."

ಆಯ್ತು ಸಾ ಎಂಬ ಮಾತು ಬರುವುದೆಂದು ಎಲ್ಲರೂ ಕಾದರು. ಹೆಡ್ಡು ಆಗಲೇ ಕಂಬಳಿ ಮಡಿಸಲು ಬಾಗಿದ್ದ.

ಚಿಕ್ಕಸಿದ್ದಯ್ಯ ಮಂಚದ ಮೇಲೆ ಸರಿದು ಕಂಬಳಿಯ ನಟ್ಟನಡುವೆ ಕುಳಿತ. ಕುಲಾವಿಯನ್ನು ಹೆಂಡತಿಯ ಕೈಗೆ ಕೊಟ್ಟ.

"ನೀ ಓಗು ಬಸಮ್ಮಿ. ತೊಟ್ಲು ಕಾದಿರ್ತದ. ನೆತ್ತಿ ಗಂಟು ಮ್ಯಾಲಕ್ಕ ಬರಂಗ ಇಕ್ಕು. ಬೀಗತ್ತಿ ಕೈಗೂ ಒಂದ್ಸಲ ಕೊಟ್ಟು ತೋರ್ಸು, ಒಲಿಗೆ ಇಲ್ಲ ಅಂತ ಏಳು."

"ನೀನು?"

"ನಾ ಕಂಬಳಿ ತಕಂಡು ಬತ್ತೀನಿ."

ದೊಡ್ಡಬಸಮ್ಮ ಗಂಡನ ಮುಖವನ್ನು ಹೊಸದಾಗಿ ನೋಡುವವಳಂತೆ ನೋಡಿ, ಕುಲಾವಿಯನ್ನು ಮಡಿಲಲ್ಲಿ ಕಟ್ಟಿಕೊಂಡು ಬಸ್ಸು ಹತ್ತಿದಳು. ಕಾನ್‌ಸ್ಟೇಬಲ್ಲನೊಬ್ಬ, ಯಾರೂ ಹೇಳದೆಯೇ, ಗಳುವನ್ನು ಮೇಲಕ್ಕೆತ್ತಿದ. ಬಸ್ಸು ಹೊರಟಿತು; ಅರ್ಧ ಜನ ಹತ್ತಲೇ ಇಲ್ಲ.

ಮಂಚದ ಮೇಲೆ ಟಿಕ್ಕು ಟಿಕ್ಕು ಎಂಬ ಸದ್ದು ಕೇಳಿತು. ಚಿಕ್ಕಸಿದ್ದಯ್ಯ ಉಂಡೆಯ ತುದಿ ಹುಡುಕಿ, ಮೂರು ಕಡ್ಡಿಗೆ ಕುಣಿಕೆ ಹಂಚಿ, ನಾಲ್ಕನೆಯದನ್ನು ಕೈಗೆ ತೆಗೆದುಕೊಂಡಿದ್ದ.

"ಏನು ಮಾಡ್ತಿದ್ದೀಯಾ?" ಎಂದರು ಇನ್‌ಸ್ಪೆಕ್ಟರು.

"ಸುರು ಮಾಡ್ತಾವ್ನಿ ಸಾ."

"ನಿಲ್ಲಿಸು! ನಿಲ್ಲಿಸಿ ಎದ್ದು ಹೋಗು ಅಂದೆ!"

"ನಿಲ್ಲಿಸಾದು ಈಗ ಗೊತ್ತದ ಸಾ" ಎಂದ ಚಿಕ್ಕಸಿದ್ದಯ್ಯ, ಮೊದಲ ಸುತ್ತು ಮುಗಿಸಿ ಎರಡನೆಯದಕ್ಕೆ ತಿರುಗುತ್ತ. "ಕಂಬಳಿ ಕೊಡೋಗಂಟ ನಿಲ್ಲಿಸಾಕಿಲ್ಲ."